ಎಕ್ಸ್ ಕ್ಯೂಬಿಗೆ ಹೊಳೆ ಇಲ್ಲ

ಪಾಠ ಹೇಳುವುದರಲ್ಲಿ ನನ್ನ ಸರಿಸಮ ಯಾರೂ ಇಲ್ಲ ಎಂದು ನಾನಾಗಿ ಹೇಳಿಕೊಳ್ಳುವುದಿಲ್ಲ. ಬೇರೆಯವರು ಹೇಳಿದರೆ ಅಡ್ಡ ಬರುವುದೂ ಇಲ್ಲ. ಮುಂಡರಗಿಯ ಕಾಲೇಜಿನಲ್ಲಿ ನಾನು ಗಣಿತದ ಮಾಸ್ತರ. ಎಕ್ಸ್ ಕ್ಯೂಬ್ ಇರುವ ಕ್ಯೂಬಿಕ್ ಫಂಕ್ಷನ್ನಿನ ಗ್ರಾಫ್ ಎಂದರೆ ಮಕ್ಕಳು ಬೆವರುತ್ತಿದ್ದರು. ಅದಕ್ಕೆ ನಾನೊಂದು ಉಪಾಯ ಕಂಡುಹಿಡಿದೆ. ಗದಗಿನ ಕಡೆಯಿಂದ ಏರುತ್ತ ಬನ್ನಿ, ಕಪ್ಪತಗುಡ್ಡದ ನೆತ್ತಿ ಮುಟ್ಟಿ, ಹಮ್ಮಿಗಿಯ ಹೊಳೆಗೆ ಇಳಿಯಿರಿ, ಆಚೆ ದಂಡೆ ಹತ್ತಿ, ಗ್ರಾಫ್ ಮುಗಿಯಿತು. ನೆತ್ತಿಯಲ್ಲೂ ಹೊಳೆಯ ತಳದಲ್ಲೂ ದಾರಿ ಒಂದು ಗಳಿಗೆ ಮಟ್ಟಸವಾಗುತ್ತದೆ, ಅಂದರೆ ಏರಿಳಿತ ಅಳೆಯುವ ಡೆರಿವೇಟಿವ್ ಸೊನ್ನೆ. ಅವೇ ಸ್ಟೇಷನರಿ ಪಾಯಿಂಟುಗಳು. ಹಮ್ಮಿಗಿಯಿಂದ ಬರುವ ಹುಡುಗಿಯರಂತೂ ತಮ್ಮೂರು ಗಣಿತಕ್ಕೆ ಸೇರಿತೆಂದು ಹಿಗ್ಗಿದರು.

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳು ತಿದ್ದಲಿಕ್ಕೆ ಶಿರಹಟ್ಟಿಯ ಗೆಳೆಯನೊಬ್ಬನ ಕೈಗೆ ಹೋದವು. ಅವನೂ ಗಣಿತದವನೇ. ಫೋನು ಮಾಡಿ, ಆರಾಮ ವಿಚಾರಿಸಿ, ಆಮೇಲೆ ಮೆಲ್ಲಗೆ ಕೇಳಿದ: "ಎಕ್ಸ್ ಕ್ಯೂಬಿನ ಗ್ರಾಫ್ ತಗೀರಿ ಅಂದ್ರ ನಿಮ್ಮ ಇಡೀ ಕ್ಲಾಸು ಗುಡ್ಡ, ಹೊಳಿ ಎರಡೂ ತಗದೈತ್ರಿ ಸರ. ಒಬ್ಬಾಕಿ ಹಮ್ಮಿಗಿ ಅಂತ ಹೆಸರೂ ಬರದಾಳ. ನಾ ಮಾರ್ಕ್ಸ್ ಎಲ್ಲಿ ಹಾಕ್ಲಿ?"

ಬರೀ ಎಕ್ಸ್ ಕ್ಯೂಬಿಗೆ ಗುಡ್ಡವೂ ಇಲ್ಲ, ಹೊಳೆಯೂ ಇಲ್ಲ. ಅದು ಏರುತ್ತ ಬಂದು, ಸೊನ್ನೆಯ ಹತ್ತಿರ ಒಂದು ಗಳಿಗೆ ಮಟ್ಟಸವಾಗಿ, ಮತ್ತೆ ಏರುತ್ತಲೇ ಹೋಗುತ್ತದೆ. ಡೆರಿವೇಟಿವ್ ಸೊನ್ನೆ ಕಂಡಕೂಡಲೇ ನನ್ನ ಮಕ್ಕಳು ಗ್ರಾಫನ್ನು ಹೊಳೆಗೆ ಇಳಿಸಿಬಿಟ್ಟಿದ್ದರು. ವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಅಲ್ಲೂ ಹೀಗೇ ಬರೆದರೆ ಅವರ ಅಂಕದ ಜೊತೆ ನನ್ನ ಹೆಸರೂ ಹೋಗುತ್ತಿತ್ತು. ನಿಜವಾಗಿಯೂ ಹೆದರಿದೆ. ಆದರೂ ಉಪಾಯ ತಪ್ಪೆಂದು ಒಪ್ಪಲಿಲ್ಲ, ಅದಕ್ಕೆ ಇನ್ನೊಂದು ಜಾಗ ಬೇಕಾಗಿತ್ತು, ಅಷ್ಟೇ. ಏರುವಾಗ ನಡುವೆ ಮಟ್ಟಸವಾಗಿ ಮತ್ತೆ ಏರುವ ರಸ್ತೆಯನ್ನು ಬಸ್ಸಿನ ಕಿಟಕಿಯಿಂದ ಲಕ್ಷ್ಮೇಶ್ವರದ ತನಕ ಹುಡುಕಿದೆ. ಸಿಕ್ಕಿದ್ದು ಬರೀ ರೋಡ್ ಹಂಪು, ಅದೂ ಗುಡ್ಡದ ಜಾತಿಯೇ.

ಮನೆಯಲ್ಲಿ ಹೆಂಡತಿ ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೂ ಕಷ್ಟ ವಿವರಿಸಿದೆ. ಅವಳು ತಟ್ಟುವುದನ್ನು ನಿಲ್ಲಿಸದೆ ಹೇಳಿದಳು: "ಅದಕ್ಯಾಕ ಊರೂರು ತಿರುಗ್ತೀರಿ? ನೀವು ವಾದ ಮಾಡೂದ ಹಂಗೈತಿ. ನಡುವ ಸುಮ್ಮನಾಗ್ತೀರಿ. ಆತು, ಇನ್ನ ಇಳೀತಾರ ಅಂತ ನಾ ತಿಳ್ಕೋತೀನಿ. ನೀರು ಕುಡದು ಮತ್ತ ಅಲ್ಲಿಂದನ ಏರ್ತೀರಿ."

ಇದು ಶುದ್ಧ ಸುಳ್ಳೆಂದು ನಾನು ಆಧಾರಸಮೇತ ವಿವರಿಸಿದೆ. ಆದರೆ ಉದಾಹರಣೆ ಮಾತ್ರ ಚೆನ್ನಾಗಿತ್ತು. ಮರುದಿನ ಕ್ಲಾಸಿನಲ್ಲಿ 'ನನ್ನ ಪರಿಚಯದ ಒಬ್ಬ ಗೃಹಸ್ಥ' ಎಂದು ಆರಂಭಿಸಿ ಅದನ್ನೇ ಹೇಳಿದೆ. ಮಕ್ಕಳಿಗೆ ತಟ್ಟನೆ ಅರ್ಥವಾಯಿತು. ಖುಷಿಯಾಗಿ ಬಾಟಲಿ ಎತ್ತಿ ನೀರು ಕುಡಿದು ಇನ್ನಷ್ಟು ಹೇಳಿದೆ. ಗಂಟೆ ಹೊಡೆದದ್ದು ನನಗೆ ಕೇಳಿಸಲಿಲ್ಲ.

ವಾರ್ಷಿಕ ಪರೀಕ್ಷೆಗೆ ಮುಂಚೆ ಇನ್ನೊಂದು ಟೆಸ್ಟು ಇಟ್ಟೆ. ಒಬ್ಬರೂ ಹೊಳೆ ತೆಗೆದಿರಲಿಲ್ಲ. ಗ್ರಾಫುಗಳೆಲ್ಲ ಸೊನ್ನೆಯಲ್ಲಿ ಮಟ್ಟಸವಾಗಿ ಮತ್ತೆ ಏರಿದ್ದವು. ನನ್ನ ಎದೆ ಉಬ್ಬಿತು. ಜಾಗಗಳಿಗೆ ಹೆಸರು ಹಾಕುವ ಮಕ್ಕಳ ಚಟ ಮಾತ್ರ ಹೋಗಿರಲಿಲ್ಲ. ಆ ಮಟ್ಟಸ ಜಾಗಕ್ಕೆ ಬಾಣ ಹಾಕಿ ಹಮ್ಮಿಗಿಯ ಹುಡುಗಿ ದುಂಡಗೆ ಬರೆದಿದ್ದಳು: 'ಸರ್'. ಮುಂದಿನ ಪತ್ರಿಕೆಯಲ್ಲೂ ಅದೇ ಇತ್ತು. ಅದರ ಮುಂದಿನದರಲ್ಲೂ.

ಉತ್ತರ ಸರಿ ಇದ್ದುದರಿಂದ ಪೂರ್ತಿ ಅಂಕ ಕೊಡಲೇಬೇಕಾಯಿತು. ಪತ್ರಿಕೆಗಳನ್ನು ಗಿರಿಜಾಗೆ ತೋರಿಸಿ, ಆ ಗೃಹಸ್ಥ ನಾನಲ್ಲವೆಂದು ಮೊದಲಿನಿಂದ ಬಿಡಿಸಿ ಹೇಳತೊಡಗಿದೆ. ಅರ್ಧಕ್ಕೆ ಬಂದಾಗ ಉಸಿರಿಗೆಂದು ಒಂದು ಗಳಿಗೆ ಸುಮ್ಮನಾದೆ. ಅವಳು ನೀರಿನ ತಂಬಿಗೆಯನ್ನು ನನ್ನ ಮುಂದೆ ಸರಿಸಿದಳು.