ಕಲ್ಲಿಯೋಪಿಯ ಬೆನ್ನಿಗೆ ಬಿದ್ದ ಗುದ್ದು

ಎಪ್ಪತ್ತರ ದಶಕದಲ್ಲಿ ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಗ್ರೀಸಿನ ಪಾಠ ಬಂತೆಂದರೆ ನನಗೆ ಗಂಟೆ ಹೊಡೆದದ್ದೂ ಕೇಳಿಸುತ್ತಿರಲಿಲ್ಲ. ಅಂಥವನಿಗೆ ಮಗಳು ಹುಟ್ಟಿದಳು. ಹೆಸರು ನಾನೇ ಆರಿಸುವೆನೆಂದು ಘೋಷಿಸಿಬಿಟ್ಟೆ!

ಅತ್ತೆಯವರಿಗೆ ತೀರಿಹೋದ ತಮ್ಮ ತಾಯಿ ಕಲ್ಲವ್ವನ ಹೆಸರಿಡುವ ಆಸೆ. ನಮ್ಮ ಓಣಿಯಲ್ಲಿ ಆಗಲೇ ನಾಲ್ಕು ಜನ ಕಲ್ಲವ್ವಂದಿರಿದ್ದರು. ಐದನೆಯವಳು ನನ್ನ ಮನೆಯಲ್ಲಿ ಬೇಡವಾಗಿತ್ತು.

ಬಾಣಂತಿ ಹೆಂಡತಿ ದೇಗಾಂವದ ತವರಿನಲ್ಲಿದ್ದಳು. ಅಲ್ಲಿಗೇ ಹೋಗಿ ತೀರ್ಪು ಕೊಟ್ಟೆ.

“ಹೆಸರು ಕಲ್ಲಿಯೋಪಿ. ಇಂಪಾದ ದನಿಯಾಕಿ ಅಂತ ಅರ್ಥ. ಗ್ರೀಕರ ಒಂಬತ್ತು ಕಲಾದೇವತಿಯರೊಳಗ ಹಿರಿಯಾಕಿ. ತಂದಿ ದೇವತೆಗಳ ರಾಜ, ತಾಯಿ ನೆನಪಿನ ದೇವತಿ. ಇಕಿ ಮಗ ಹಾಡಿದರ ಕಾಡಿನ ಮೃಗ ಸೈತ ನಿಂತು ಕೇಳತಿದ್ದುವು!”

“ಅಕಿ ಗಂಡ ಯಾರ್ರಿ?” ಹೆಂಡತಿ ಕೇಳಿದಳು.

“ಅದರಾಗ ಎರಡು ಅಭಿಪ್ರಾಯ ಅದಾವ.”

“ಗಂಡನ್ನ ಗುರತ ಇಲ್ಲದಾಕಿ ಹೆಸರು ನನ್ನ ಮಗಳಿಗೆ ಯಾಕ್ರಿ?”

ಅತ್ತೆಯವರು ಕಣ್ಣೊರೆಸಿಕೊಂಡು ಒಳಗೆ ಹೋದರು. ನನಗೂ ಸ್ವಲ್ಪ ಕೆಡುಕೆನಿಸಿತು. ಆದರೆ ವಿದ್ವಾಂಸರು ಅಂಥದ್ದಕ್ಕೆಲ್ಲ ಕರಗಬಾರದು!

ಹೆಸರಿಡುವ ದಿನ ನನ್ನ ಅಕ್ಕ ಕಟಕೋಳದಿಂದ ಬಂದಳು. ನಮ್ಮ ಕಡೆ ಸೋದರತ್ತೆಯೇ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಆಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಒಮ್ಮೆ ಕಿವಿಗೆ ಬಿದ್ದ ಹೆಸರು ಮತ್ತೆ ಬದಲಾಗುವುದಿಲ್ಲ. ಆದ್ದರಿಂದ ಮುಂಜಾನೆಯಿಂದ ಅಕ್ಕನಿಗೆ ಬಾಯಿಪಾಠ ಮಾಡಿಸಿದೆ. ಅವಳು ‘ಕಲ್ಲಗೋಪಿ’, ‘ಕಲ್ಲಟೋಪಿ’ ಎಂದೆಲ್ಲ ಅಲೆದಾಡಿ ಕೊನೆಗೆ ದಡ ಸೇರಿದಳು.

ಅಕ್ಕ ತೊಟ್ಟಿಲಿಗೆ ಬಗ್ಗಿದಳು. “ಕುರ್ರ್... ಕಲ್ಲ್...”

ಧಡ್! ಬೆನ್ನಿಗೆ ಗುದ್ದು ಬಿತ್ತು. ಗುದ್ದಿದವರು ಅತ್ತೆಯವರು.

“...ಅವ್ವಾ!” ಎಂದು ಅಕ್ಕ ಚೀರಿದಳು.

“ಕಲ್ಲವ್ವ! ಕಲ್ಲವ್ವ!” ಎನ್ನುತ್ತ ಹೆಂಗಸರೆಲ್ಲ ಸೇರಿ ತೊಟ್ಟಿಲು ತೂಗಿಯೇಬಿಟ್ಟರು.

“ಅದು ಹೆಸರಲ್ರಿ! ಬೆನ್ನು ನೊಂದು ಚೀರಿದ್ದು!” ಎಂದು ನಾನು ಕೂಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕ ಬೆನ್ನು ತಿಕ್ಕಿಕೊಳ್ಳುವುದರಲ್ಲಿದ್ದಳು.

ಅತ್ತೆಯವರ ಕಣ್ಣಲ್ಲಿ ಮತ್ತೆ ನೀರು. ಈ ಸಲ ಸಂತೋಷದ್ದು.

“ನೀವು ಹೇಳಿದ್ದೆಲ್ಲಾ ನಮ್ಮವ್ವಗ ಹೊಂದತೈತಿ ನೋಡ್ರಿ, ಅಳಿಯಂದ್ರ. ಅಕಿ ಬದುವಿನ ಮ್ಯಾಲೆ ನಿಂತು ಒಮ್ಮೆ ಒದರಿದರ, ಓಡೂ ಎತ್ತು ಸೈತ ನಿಂತು ಕೇಳತಿದ್ದುವು!”

ನಾನು ಸಿಟ್ಟಿನಿಂದ ಚಪ್ಪಲಿ ಮೆಟ್ಟಿ ಹೊರಟೆ. ಅಷ್ಟರಲ್ಲಿ ಹೊಸ ಕಲ್ಲವ್ವ ತೊಟ್ಟಿಲಿನಲ್ಲಿ ಬಾಯಿ ತೆರೆದಳು.

ನಾನು ಹೊಸ್ತಿಲ ಮೇಲೆಯೇ ನಿಂತು ಕೇಳಿದೆ. ಎತ್ತುಗಳ ಪಾಡು ಅರ್ಥವಾಯಿತು!