ಸಮುದ್ರದ ಪಾಲಾದ ಹುರುಳಿಕಾಳಿನ ಬಸ್ಸಾರು

ಸಮುದ್ರದ ವಿಷಯದಲ್ಲಿ ನನಗೆ ಅಪಾರ ಅನುಭವವಿದೆ ಎಂದು ನಾನು ನಂಬಿದ್ದೆ. ಹಾಗೆ ನಂಬಲು ಕಾರಣವೂ ಇತ್ತು. ಹಿಂದೊಮ್ಮೆ ಕನಕಪುರದಿಂದ ಗ್ರಾನೈಟ್ ಕಲ್ಲು ತುಂಬಿದ ಲಾರಿಯ ಜೊತೆ ಮಂಗಳೂರಿನ ಬಂದರಿಗೆ ಹೋಗಿ ಬಂದಿದ್ದೆ. ದಾರಿಯುದ್ದಕ್ಕೂ ಕ್ಯಾಬಿನ್ನಿನಲ್ಲಿ ಮಲಗಿದ್ದೆನೆಂಬುದು ನಿಜ. ಆದರೆ ಕಲ್ಲು ಇಳಿಸುವಾಗ ಕಣ್ಣುಜ್ಜಿಕೊಂಡು ನೋಡಿದರೆ ದೂರದಲ್ಲಿ ನೀಲಿಯಾಗಿ ಏನೋ ಕಂಡಿತ್ತು. ಅದು ಸಮುದ್ರವೋ, ಯಾರೋ ಹೊದಿಸಿದ್ದ ಟಾರ್ಪಾಲೋ ಎಂದು ವಿಚಾರಿಸುವಷ್ಟರಲ್ಲಿ ಲಾರಿ ಹೊರಟೇಬಿಟ್ಟಿತು. ಊರಿಗೆ ಬಂದು, ನಾಲ್ಕು ಜನರ ಮುಂದೆ, ಅದು ಸಮುದ್ರವೇ ಎಂದು ತೀರ್ಮಾನಿಸಿದೆ.

ಈ ಅನುಭವವನ್ನು ನಾನು ನನ್ನಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ನನ್ನ ತಮ್ಮ ಶಿವನಂಜನಿಗೆ ಹೆಣ್ಣು ಸಿಗಬೇಕಿತ್ತಲ್ಲ!

ಶಿವನಂಜ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಬೋಲ್ಟು ಮಾಡುವ ಕಾರ್ಖಾನೆಯಲ್ಲಿ ಮಿಷನ್ ಆಪರೇಟರ್. ಕೆಲಸ ಪರ್ಮನೆಂಟು. ಕುಡಿಯುವುದಿಲ್ಲ, ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಮಾತೂ ಆಡುವುದಿಲ್ಲ. ಅಲ್ಲೇ ಬಂದದ್ದು ತೊಂದರೆ. ಹೆಣ್ಣು ನೋಡಲು ಹೋದರೆ ಉಪ್ಪಿಟ್ಟಿನ ತಟ್ಟೆ ನೋಡಿಕೊಂಡು ಕೂತು, ಉಪ್ಪಿಟ್ಟು ಮುಗಿದ ಮೇಲೆ ಖಾಲಿ ತಟ್ಟೆ ನೋಡಿಕೊಂಡು ಕೂರುತ್ತಿದ್ದ. "ಹುಡ್ಗುಂಗೆ ಬಾಯಿ ಬತ್ತದಾ?" ಎಂದು ಒಂದು ಮನೆಯವರು ನನ್ನನ್ನು ಮರೆಗೆ ಕರೆದು ಕೇಳಿದ್ದೂ ಉಂಟು. ತಮ್ಮನ ತಲೆಯ ಮುಂಭಾಗ ಆಗಲೇ ಬಯಲಾಗುತ್ತಿತ್ತು. ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಕೊನೆಗೆ ಚನ್ನಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಒಂದು ಸಂಬಂಧ ಕೂಡಿ ಬಂತು. ಹುಡುಗಿ ಒಪ್ಪಿದಳು, ಅವಳ ಅಪ್ಪ ಅಮ್ಮ ಒಪ್ಪಿದರು. ಆದರೆ ಹುಡುಗಿಯ ಸೋದರಮಾವ ಚಿಕ್ಕೀರೇಗೌಡರು ಒಪ್ಪಬೇಕು. ಅವರು ತಲೆಯಾಡಿಸದೆ ಆ ಮನೆಯಲ್ಲಿ ಒಂದು ಎಮ್ಮೆಯೂ ಕೈ ಬದಲಾಗುವುದಿಲ್ಲ. ಗೌಡರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ನೋಡಾನ" ಅಂದರು. ಒಂದು ಸಲವಲ್ಲ, ಹೋದಾಗಲೆಲ್ಲ ಅದೇ "ನೋಡಾನ".

ಒಂದು ದಿನ ಹೀಗೇ ಕಾಫಿ ಕುಡಿಯುತ್ತ ಅವರು, "ಗೋಕರ್ಣಕ್ಕೆ ಹೋಗ್ಬೇಕು ಅಂತ ನಮ್ಮೋಳು ಒಂದೇ ಸಮ ಪ್ರಾಣ ತಿಂತಾವ್ಳೆ. ಆ ಕಡೆ ನಂಗೇನೂ ಗೊತ್ತಿಲ್ಲ" ಅಂದರು.

ನಾನು ಲೋಟ ಕೆಳಗಿಟ್ಟೆ. "ಗೌಡ್ರೇ, ಗೋಕರ್ಣವಾ? ಆ ಸಮುದ್ರದ ದಂಡೆ ಎಲ್ಲಾ ನಂಗೆ ನಮ್ಮ ಹಿತ್ಲಿದ್ದಂಗೆ! ಗುಡಿ, ಗುಡ್ಡ, ಹಳೇ ಕೋಟೆ ಎಲ್ಲಾ ತೋರುಸ್ತೀನಿ, ನಡೀರಿ!"

ಮನೆಗೆ ಬಂದು ಈ ವಿಜಯವನ್ನು ಹೆಂಡತಿ ಜಯಮ್ಮನಿಗೆ ವರದಿ ಮಾಡಿದೆ. ಅವಳು ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು.

"ನೀವು ಸಮುದ್ರ ಯಾವಾಗ ನೋಡುದ್ರಿ?"

"ಲಾರೀಲಿ ಹೋಗಿರ್ಲಿಲ್ವೇನೇ?"

"ಅದು ಟಾರ್ಪಾಲು."

ಇಂಥವರ ಜೊತೆ ವಾದ ಮಾಡಬಾರದು.

ಶಿವರಾತ್ರಿ ಮುಗಿದು ಹದಿನೈದು ದಿನವಾಗಿತ್ತು. ಟೆಂಪೋ ಮಾಡಿಕೊಂಡು ಹೊರಟೆವು. ಗೌಡರು, ಅವರ ಹೆಂಡತಿ ಪುಟ್ಟತಾಯಮ್ಮ, ನಾನು, ಜಯಮ್ಮ, ಶಿವನಂಜ, ಡ್ರೈವರು. ಹೊರಡುವ ಮುಂಚೆ ಪುಟ್ಟತಾಯಮ್ಮ ನನ್ನನ್ನು ಕರೆದು, "ನೋಡಪ್ಪಾ, ಇವ್ರಿಗೆ ಶುಗರ್ರು. ಹೊತ್ಗೆ ಸರಿಯಾಗಿ ಹೊಟ್ಟೆಗೆ ಬೀಳ್ಬೇಕು. ಇಲ್ದಿದ್ರೆ ಕೈಕಾಲು ನಡುಗ್ತವೆ. ಅದೂ ಮುದ್ದೇನೇ ಆಗ್ಬೇಕು" ಎಂದರು. "ಅದೆಲ್ಲಾ ನಂಗ್ ಬುಡಿ ಅಮ್ಮಾ" ಎಂದೆ. ಹಾಗಾಗಿ ಟೆಂಪೋದ ಹಿಂದೆ ರಾಗಿಹಿಟ್ಟು, ಹುರುಳಿಕಾಳು, ಸೊಪ್ಪು, ಮುದ್ದೆಕೋಲು ಮತ್ತು ಜಯಮ್ಮನ ತವರಿನಿಂದ ಬಂದ ದೊಡ್ಡ ಸಿಲ್ವಾರದ ಪಾತ್ರೆ ಏರಿದವು.

ಗೋಕರ್ಣದಲ್ಲಿ ದೇವರು ನಮ್ಮನ್ನು ಕಾಪಾಡಿದ. ಪೂಜೆಯೆಲ್ಲ ಸುಸೂತ್ರ. ಅಲ್ಲಿ ನನ್ನ ಕೈಲಿ ಏನೂ ಇರಲಿಲ್ಲ, ಅದಕ್ಕೇ ಇರಬೇಕು. ಮರುದಿನ ಬೆಳಿಗ್ಗೆ ನಾನು ಮುಂದಾಳತ್ವ ವಹಿಸಿಕೊಂಡೆ. ಊರಿನಿಂದ ಸ್ವಲ್ಪ ದೂರದಲ್ಲಿ ಒಂದು ಕಲ್ಲುಗುಡ್ಡ ಸಮುದ್ರದೊಳಕ್ಕೆ ಚಾಚಿಕೊಂಡಿದೆ, ಮೇಲೆ ಹಳೇ ಕೋಟೆ ಇದೆ ಎಂದು ಲಾಡ್ಜಿನವರು ಹೇಳಿದ್ದರು. ಅದನ್ನು ನಾನೇ ಕಂಡುಹಿಡಿದಂತೆ ಎಲ್ಲರನ್ನೂ ಕರೆದೊಯ್ದೆ.

ಗುಡ್ಡಕ್ಕೆ ಮೂರು ಕಡೆ ಸಮುದ್ರ. ಒಂದು ಕಡೆ ಮಾತ್ರ ದಡಕ್ಕೆ ಕೂಡಿಸುವ ಮರಳಿನ ಪಟ್ಟಿ. ಟೆಂಪೋ ರಸ್ತೆಯ ಮೇಲೇ ನಿಂತಿತು. ನಾನು ಮರಳಿಗಿಳಿದು ಸ್ಥಳ ಪರಿಶೀಲನೆ ನಡೆಸಿದೆ. ಮೇಲಿನ ಮರಳು ಸಡಿಲ, ಕಾಲು ಹೂತುಹೋಗುತ್ತದೆ. ಕೆಳಗಿನ ಮರಳು ಕಣ ಸಾರಿಸಿದ ಹಾಗೆ ಗಟ್ಟಿ, ಮಟ್ಟಸ. ಬಂಡೆಯ ಮರೆ ಬೇರೆ, ಗಾಳಿಯ ಕಾಟವಿಲ್ಲ. ನಮ್ಮ ಕಡೆ ಶಿವರಾತ್ರಿ ಹೊತ್ತಿಗೆ ಕೆರೆಯ ನೀರು ಇಳಿದರೆ ಕೆರೆಯಂಗಳದಲ್ಲೇ ದನ ಕಟ್ಟುತ್ತೇವೆ, ಒಲೆ ಹೂಡುತ್ತೇವೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ಮುಂಗಾರು ಬೀಳುವ ತನಕ ನೀರು ಆ ಕಡೆ ತಲೆ ಹಾಕುವುದಿಲ್ಲ. ತಾತ ಮುತ್ತಾತರ ಕಾಲದಿಂದ ನಡೆದುಬಂದ ಲೆಕ್ಕ ಅದು. ಸಮುದ್ರಕ್ಕೆ ಬೇರೆ ಲೆಕ್ಕ ಇರಲು ಹೇಗೆ ಸಾಧ್ಯ?

"ಇಲ್ಲೇ ಒಲೆ ಹೂಡಿ" ಎಂದು ಆಜ್ಞೆ ಮಾಡಿದೆ.

ಜಯಮ್ಮ ಬಗ್ಗಿ ಮರಳು ಮುಟ್ಟಿ ನೋಡಿದಳು. "ಮಳೆ ಬಂದಿಲ್ಲ, ಏನಿಲ್ಲ. ಮರಳು ಯಾಕ್ರೀ ಒದ್ದೆಯಾಗೈತೆ?"

"ಇಬ್ನಿ ಕಣೆ."

"ಇಷ್ಟೊಂದು ಇಬ್ನಿಯಾ?"

"ದೊಡ್ಡ ಸಮುದ್ರ. ಇಬ್ನೀನೂ ದೊಡ್ಡದೇ ಬೀಳ್ತದೆ. ಒಲೆ ಹಚ್ಚು ಸುಮ್ಕೆ!"

ಶಿವನಂಜ ನನ್ನ ಮುಖ ನೋಡಿದ. ಅವನು ಯಾವತ್ತೂ ಏನೂ ಹೇಳುವವನಲ್ಲವಾದ್ದರಿಂದ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

ಬಸ್ಸಾರು ಘಮಘಮ ಅನ್ನತೊಡಗಿತು. ಮುದ್ದೆ ಮಾತ್ರ ಕೂರುವ ಹೊತ್ತಿಗೆ ಬಿಸಿಬಿಸಿ ತೊಳಸಿದರಾಯಿತು, ಅಷ್ಟರೊಳಗೆ ಕೋಟೆ ನೋಡಿ ಬರೋಣ ಎಂದು ನಾನೇ ಹೊರಡಿಸಿದೆ. ಸಾರಿನ ಪಾತ್ರೆಗೆ ಮುಚ್ಚಳ ಬಿಗಿದು ಕೆಂಡದ ಮೇಲೆ ಬಿಟ್ಟೆವು. ಪಕ್ಕದಲ್ಲಿ ಹಿಟ್ಟಿನ ಚೀಲ, ಮುದ್ದೆಕೋಲು. ಕಾವಲಿಗೆ ಡ್ರೈವರು ಇದ್ದ. ರಸ್ತೆಯ ಮೇಲೆ, ಟೆಂಪೋದೊಳಗೆ, ನಿದ್ದೆಯಲ್ಲಿ.

ಗುಡ್ಡ ಹತ್ತಿದೆವು. ಕೆಂಪಗೆ ತೂತುತೂತಾದ ಕಲ್ಲಿನ ಗೋಡೆ, ಅರ್ಧ ಬಿದ್ದುಹೋಗಿತ್ತು. 

"ಕಟ್ಟಿದ್ದು ಯಾರು?" ಎಂದರು ಗೌಡರು.

"ರಾಜ್ರು."

"ಯಾವ ರಾಜ್ರು?"

"ಹಳೇ ರಾಜ್ರು."

ಗೌಡರು ನನ್ನನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು. ನಾನು ಮಾತು ಬೆಳೆಸಿದೆ. "ಆದ್ರೆ ಮಾಲು ಸರಿ ಇಲ್ಲ ಗೌಡ್ರೇ. ನಮ್ಮ ಕನಕಪುರದ ಕಲ್ಲು ಹಾಕಿದ್ರೆ ಇವತ್ತಿಗೂ ಅಲ್ಲಾಡ್ತಿರ್ಲಿಲ್ಲ."

ಮುಂದೆ ಗುಡ್ಡದ ತುದಿಯಲ್ಲಿ ಎತ್ತರಕ್ಕೆ ಬಿಳಿಯ ಗೋಪುರದಂಥದ್ದೊಂದು ನಿಂತಿತ್ತು. ಅದನ್ನು ನೋಡಿದ ಕೂಡಲೇ ನನಗೆ ಹಾರೋಹಳ್ಳಿ ನೆನಪಾಯಿತು. ನಮ್ಮ ಸುತ್ತಮುತ್ತ ಆಗ ತಿಂಗಳಿಗೊಂದು ಚಿಮಣಿ ಏಳುತ್ತಿದ್ದ ಕಾಲ. "ನೋಡುದ್ರಾ, ಇಲ್ಲೂ ಫ್ಯಾಕ್ಟ್ರಿ ಬಂದ್ಬುಟ್ಟೈತೆ!"

"ಹೊಗೆ ಬತ್ತಾ ಇಲ್ವಲ್ಲಾ?"

"ಇವತ್ತು ಭಾನುವಾರ. ರಜ."

ಪುಟ್ಟತಾಯಮ್ಮ ಪಾಪ, ಅದಕ್ಕೂ ಕೈ ಮುಗಿದರು. ಹತ್ತಿರ ಹೋದರೆ ಬಾಗಿಲ ಮೇಲೆ ಕನ್ನಡದಲ್ಲೇ ದೊಡ್ಡದಾಗಿ "ದೀಪಸ್ತಂಭ" ಎಂದು ಬರೆದಿತ್ತು. ಗೌಡರು ಅದನ್ನು ಒಂದೊಂದೇ ಅಕ್ಷರ ಬಿಡಿಸಿ, ಗಟ್ಟಿಯಾಗಿ ಓದಿದರು. ನಾನು ಬೇರೆ ಕಡೆ ಸಮುದ್ರದ ಸೌಂದರ್ಯ ವೀಕ್ಷಿಸುತ್ತಿದ್ದೆ.

ಹೊತ್ತು ನೆತ್ತಿಗೆ ಬಂತು. "ಇನ್ನು ಮುದ್ದೆ ತೊಳಸ್ಬೋದಲ್ವಾ?" ಎನ್ನುತ್ತ ಗೌಡರು ಗೋಡೆಯ ಅಂಚಿನಿಂದ ಕೆಳಗೆ ಬಗ್ಗಿದರು. ಬಗ್ಗಿದವರು ಹಾಗೇ ನಿಂತರು.

"ಮರಿಸ್ವಾಮಿಯೋರೇ, ಅಲ್ಲೊಂದು ಪಾತ್ರೆ ತೇಲ್ತಾ ಐತಲ್ಲಾ. ನಮ್ದಾ?"

ನಾನು ನೋಡಿದೆ. "ಇಲ್ಲ ಗೌಡ್ರೇ. ಅದು ದೋಣಿ."

"ದೋಣಿಗೆ ಮುಚ್ಚಳ ಇರ್ತದಾ?"

ಜಯಮ್ಮ ಓಡಿ ಬಂದು ನೋಡಿ, "ಅಯ್ಯಯ್ಯೋ! ನಮ್ಮಪ್ಪನ ಮನೆ ಪಾತ್ರೆ!" ಎಂದು ಎದೆ ಬಡಿದುಕೊಂಡಳು. ಅವಳ ತವರಿನ ಸಿಲ್ವಾರದ ಪಾತ್ರೆ ಹುರುಳಿಕಾಳಿನ ಬಸ್ಸಾರಿನ ಸಮೇತ, ಯಾವ ಗಡಿಬಿಡಿಯೂ ಇಲ್ಲದೆ, ಅರಬ್ಬೀ ಸಮುದ್ರದ ಕಡೆ ಹೊರಟಿತ್ತು. ಮುದ್ದೆಕೋಲು ಅದರ ಹಿಂದೆಯೇ ಹೋಗುತ್ತಿತ್ತು. ಹಿಟ್ಟಿನ ಚೀಲ ಕಾಣಲಿಲ್ಲ. ನಾವು ನಡೆದು ಬಂದಿದ್ದ ಮರಳಿನ ಪಟ್ಟಿಯೂ ಕಾಣಲಿಲ್ಲ! ಗುಡ್ಡಕ್ಕೆ ಈಗ ನಾಲ್ಕೂ ಕಡೆ ಸಮುದ್ರ.

"ನೀರು ಯಾವಾಗ ಇಳೀತದೆ?" ಗೌಡರ ದನಿ ಸಣ್ಣಗಾಗಿತ್ತು.

ನನಗೆ ಗೊತ್ತಿದ್ದ ಲೆಕ್ಕ ಒಂದೇ. "ಶಿವರಾತ್ರಿಗೆ" ಎಂದುಬಿಟ್ಟೆ.

"ಮೊನ್ನೆ ತಾನೇ ಶಿವರಾತ್ರಿ ಆಯ್ತಲ್ರೀ! ಮುಂದಿನ ಶಿವರಾತ್ರಿ ತಂಕ ಇಲ್ಲೇ ಇರಾನ ಅಂತೀರಾ?"

ನಾನು ಟವೆಲ್ ಬಿಚ್ಚಿ ಡ್ರೈವರಿಗೆ ಬೀಸಿದೆ. ಕೂಗಿದೆ. ಶಿಳ್ಳೆ ಹಾಕಿದೆ. ಬಹಳ ಹೊತ್ತಿನ ಮೇಲೆ ಅವನು ಎದ್ದು ಹೊರಗೆ ಬಂದ. ನಮ್ಮನ್ನು ನೋಡಿ ಸಂತೋಷದಿಂದ ತಾನೂ ಟವೆಲ್ ಬೀಸಿದ. ಮತ್ತೆ ಒಳಗೆ ಹೋಗಿ ಮಲಗಿದ.

ಅಷ್ಟರಲ್ಲಿ ಗೌಡರು ಕಲ್ಲಿನ ಮೇಲೆ ಕೂತರು. ಹಣೆಯಲ್ಲಿ ಬೆವರು, ಬೆರಳು ನಡುಗುತ್ತಿವೆ. ಪುಟ್ಟತಾಯಮ್ಮ ಸೆರಗಿನಿಂದ ಗಾಳಿ ಹಾಕುತ್ತ ಅಳುವುದಕ್ಕೇ ಶುರುಮಾಡಿದರು. ಆಗ ನನಗೆ ನಿಜವಾಗಿ ಭಯವಾಯಿತು. ಸಂಬಂಧ ಹೋದರೆ ಹೋಗಲಿ, ಮನುಷ್ಯನಿಗೆ ಏನಾದರೂ ಆದರೆ? ತಮ್ಮನಿಗೆ ಹೆಣ್ಣು ಕೇಳಲು ಹೋಗಿ ಹೆಣ್ಣಿನ ಸೋದರಮಾವನನ್ನೇ ಕಳೆದವನು ಎಂದು ಚನ್ನಪಟ್ಟಣದಿಂದ ಮಾಗಡಿಯವರೆಗೆ ನನ್ನ ಹೆಸರು ಹೇಳಿಕೊಂಡು ನಗುತ್ತಾರೆ.

ಶಿವನಂಜ ಅಂಗಿ ಬಿಚ್ಚಿ ಕಲ್ಲಿನ ಮೇಲಿಟ್ಟ. ಪ್ಯಾಂಟು ಮಡಿಸಿದ. ಯಾರನ್ನೂ ಕೇಳದೆ ಗುಡ್ಡ ಇಳಿದು ನೀರಿಗೆ ಹೋದ.

ತಮ್ಮನೊಬ್ಬನನ್ನೇ ಸಮುದ್ರಕ್ಕೆ ಬಿಟ್ಟು ಅಣ್ಣನಾದವನು ನೋಡುತ್ತ ನಿಲ್ಲುವುದೇ? "ತಾಳ್ಲಾ, ನಾನೂ ಬತ್ತೀನಿ!" ಎಂದು ನಾನೂ ಇಳಿದೆ. ನೀರು ಮೊಣಕಾಲಿಗಿತ್ತು. ಸೊಂಟಕ್ಕೆ ಬಂತು. ಆಮೇಲೆ ಒಂದು ಅಲೆ ಬಂತು. ಅದಾದ ಮೇಲೆ ಆಕಾಶ ಎಲ್ಲಿದೆ, ನೆಲ ಎಲ್ಲಿದೆ ಎಂಬ ವಿಷಯದಲ್ಲಿ ನನಗೆ ಖಚಿತ ಮಾಹಿತಿ ಇರಲಿಲ್ಲ. ಎಚ್ಚರವಾದಾಗ ಶಿವನಂಜ ನನ್ನ ಕಾಲರ್ ಹಿಡಿದು ಬಂಡೆಗೆ ಎಳೆಯುತ್ತಿದ್ದ. ಗೌಡರಿಗೆ ತಿನ್ನಲು ತರಲೆಂದು ಹೋದವನು ಮೊದಲು ನನ್ನನ್ನು ತರಬೇಕಾಯಿತು!

ನನ್ನನ್ನು ಬಂಡೆಯ ಮೇಲೆ ಒಣಗಲು ಹಾಕಿ ಅವನು ಮತ್ತೆ ನೀರಿಗೆ ಬಿದ್ದ. ಎದೆಮಟ್ಟದ ನೀರಿನಲ್ಲಿ ಸ್ವಲ್ಪ ನಡೆದು, ಸ್ವಲ್ಪ ಈಜಿ ದಡ ಸೇರಿದ. ಟೆಂಪೋದಿಂದ ಬಾಳೆಹಣ್ಣು, ಚಕ್ಕುಲಿ, ನೀರಿನ ಬಾಟಲಿ ಚೀಲಕ್ಕೆ ತುಂಬಿ, ಚೀಲವನ್ನು ತಲೆಯ ಮೇಲೆ ಹೊತ್ತು, ಹಾಗೇ ವಾಪಸು ಬಂದ. ಹಣ್ಣು ಸುಲಿದು ಗೌಡರ ಕೈಗೆ ಕೊಟ್ಟ. ಅವರ ಕೈ ನಡುಗುತ್ತಿದ್ದರಿಂದ ತಾನೇ ಹಿಡಿದು ತಿನ್ನಿಸಿದ.

ಸ್ವಲ್ಪ ಹೊತ್ತಿಗೆ ಗೌಡರ ಮುಖಕ್ಕೆ ಕಳೆ ಬಂತು. ನಡುಕ ನಿಂತಿತು. ಕೆಳಗೆ ನೋಡಿದರೆ ನೀರು ಯಾವ ಶಿವರಾತ್ರಿಯನ್ನೂ ಕಾಯದೆ ತಾನಾಗಿಯೇ ಹಿಂದೆ ಸರಿಯುತ್ತಿತ್ತು. ಗೌಡರು ಎರಡನೇ ಚಕ್ಕುಲಿ ಮುರಿಯುತ್ತ, ತಲೆ ಒರೆಸಿಕೊಳ್ಳುತ್ತಿದ್ದ ಶಿವನಂಜನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಒಂದು ಚಪ್ಪಲಿ ಸಮುದ್ರ ಸೇರಿತ್ತು, ಕಿವಿಯಲ್ಲಿ ಮರಳಿತ್ತು.

"ಮರಿಸ್ವಾಮಿಯೋರೇ, ಒಂದು ಮಾತು ಕೇಳ್ತೀನಿ, ದಿಟ ಹೇಳ್ಬೇಕು. ಈ ಹುಡ್ಗುನ್ನ ಸಾಕಿ ಬೆಳೆಸ್ದೋರು ಯಾರು?"

ನನ್ನ ಎದೆ ಉಬ್ಬಿತು. ಅಪ್ಪ ಹೋದಾಗ ಶಿವನಂಜ ಚಡ್ಡಿ ಹಾಕಲು ಬಾರದ ಮಗು. ಅವ್ವ ಹಗಲೂ ರಾತ್ರಿ ರೇಷ್ಮೆ ಹುಳದ ಮನೆಯಲ್ಲಿ. ಅವನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವನು ನಾನು. ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವನು ನಾನು. ಸೊಂಟಕ್ಕೆ ಹಗ್ಗ ಕಟ್ಟಿ ತೋಟದ ಬಾವಿಗೆ ಇಳಿಸಿ ಈಜು ಕಲಿಸಿದವನೂ ನಾನೇ. ನನಗೆ ಈಜು ಬರುವುದಿಲ್ಲ ಎಂಬುದು ಬೇರೆ ಮಾತು. ಇದನ್ನೆಲ್ಲ ಹೇಳಲು ಬಾಯಿ ತೆರೆದೆ.

ಆಗ ಗೌಡರ ಮುಖ ಕಂಡಿತು. ಹೂಂ ಅನ್ನಬೇಕೆಂದು ಆಸೆಯಿದೆ, ಆದರೆ ಒಂದೇ ಒಂದು ಅನುಮಾನ ಅಡ್ಡ ಕೂತಿದೆ. ಆ ಅನುಮಾನ ಯಾವುದೆಂದು ಜಯಮ್ಮನಿಗೆ ನನಗಿಂತ ಮುಂಚೆ ಹೊಳೆದಿತ್ತು. ಅವಳು ಹಿಂದಿನಿಂದ ನನ್ನ ಬೆನ್ನು ಚಿವುಟಿದಳು.

"ನಮ್ಮವ್ವ" ಎಂದೆ. "ಪೂರ್ತಿ ಅವ್ವನೇ ಗೌಡ್ರೇ. ನಾನು ಆ ಕಡೆ ತಲೇನೇ ಹಾಕಿಲ್ಲ."

ಶಿವನಂಜ ಟವೆಲ್ ಕೆಳಗಿಳಿಸಿ ನನ್ನನ್ನೇ ನೋಡಿದ. ಬಾಯಿ ತೆರೆಯಲು ಹೊರಟವನಿಗೆ ಕಣ್ಣಲ್ಲೇ ಗದರಿದೆ. ಜೀವಮಾನದಲ್ಲಿ ಅವನು ಮಾತಾಡಲು ಹೊರಟದ್ದು ಅದೊಂದು ಸಲ. ಅದನ್ನೂ ನಾನೇ ತಡೆದೆ.

ಗೌಡರು ದೊಡ್ಡದಾಗಿ ಉಸಿರು ಬಿಟ್ಟರು. "ಅಂಗಾರೆ ಆಯ್ತು ಬುಡಿ. ಯುಗಾದಿ ಕಳೀಲಿ, ಲಗ್ನ ಇಡ್ಸಾನ."

ಬದುಕಿನಲ್ಲಿ ನಾನು ನೆಟ್ಟಗೆ ಮಾಡಿದ್ದು ತಮ್ಮನನ್ನು ಸಾಕಿದ ಕೆಲಸವೊಂದೇ. ಅದನ್ನೂ ನಾನು ಮಾಡಿಲ್ಲ ಎಂದ ಮೇಲೇ ನಮ್ಮ ಮನೆಗೆ ಹೆಣ್ಣು ಬಂತು!