ಖು ಎಂಬ ಅಕ್ಷರ

ಹೆಂಡತಿಯ ಎದುರು ಗೆಲ್ಲಬೇಕೆಂಬ ಆಸೆ ಗಂಡಸನ್ನು ಎಷ್ಟು ಕೆಳಕ್ಕೆ ಇಳಿಸಬಲ್ಲದು ಎಂಬುದಕ್ಕೆ ನಾನೇ ಸಾಕ್ಷಿ. ಬೇರೆ ಗಂಡಂದಿರು ಜಗಳದಲ್ಲಿ ಗೆಲ್ಲಲು ನೋಡುತ್ತಾರೆ. ಅಷ್ಟು ಧೈರ್ಯ ನನಗೆ ಎಂದೂ ಇರಲಿಲ್ಲ. ನಾನು ಗೆಲ್ಲಬೇಕೆಂದಿದ್ದು ಪದದ ಆಟದಲ್ಲಿ. ಒಬ್ಬರು ಒಂದು ಪದ ಹೇಳುವುದು, ಅದರ ಕೊನೆಯ ಅಕ್ಷರ ಹಿಡಿದು ಇನ್ನೊಬ್ಬರು ಬೇರೆ ಪದ ಹೇಳುವುದು. ನನ್ನ ಹೆಂಡತಿ ಜಯಮ್ಮ ಹೊಸಹೊಳಲಿನವಳು, ಓದಿದ್ದು ಏಳನೇ ಕ್ಲಾಸು. ನಾನು ನಾಗಮಂಗಲದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಆದರೂ ಮೂವತ್ತು ವರ್ಷ ಸೋತವನು ನಾನೇ.

ಕೊನೆಗೆ ಕಚೇರಿಯ ಕಡತಗಳಿಗೆ ಮೊರೆ ಹೋದೆ. ಪಾರ್ಸಿಯಿಂದಲೋ ಉರ್ದುವಿನಿಂದಲೋ ಬಂದು ಕಂದಾಯ ಇಲಾಖೆಯಲ್ಲಿ ಖಾಯಂ ಆದ ಪದಗಳು ಅಲ್ಲಿದ್ದವು. ಅವುಗಳ ಬಾಲಕ್ಕೆ ಕನ್ನಡದ ಪದ ಸುಲಭಕ್ಕೆ ಅಂಟುವುದಿಲ್ಲ. ಮಾಫಿ ಎಂದೆ, ಶ್ರೀರಂಗಪಟ್ಟಣ ನೋಡಿಲ್ಲವೇ ಎಂಬಂತೆ ಫಿರಂಗಿ ಎಂದಳು. ದಫೆ ಎಂದೆ, ಫೆಬ್ರವರಿ ಎಂದಳು. ತಾರೀಖು ಎಂದೆ, ಖುಷಿ ಎಂದಳು, ಮುಖದಲ್ಲೂ ಅದೇ ಇತ್ತು.

ಕಳೆದ ಚಳಿಗಾಲದಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಬಾಯಲ್ಲಿ ಉಳಿದದ್ದು ಒಂದೇ ಪದ, ತಾರೀಖು. ನೀರು ಬೇಕಾದರೂ ತಾರೀಖು, ನೋವಾದರೂ ತಾರೀಖು. ನೋಡಲು ಬಂದ ನೆಂಟರು ಕ್ಯಾಲೆಂಡರಿನತ್ತ ತಿರುಗಿ, ‘ಇವತ್ತು ಅದಿನಾಲ್ಕು ಕಣಮ್ಮ’ ಎಂದು ಗಟ್ಟಿಯಾಗಿ ಹೇಳಿ ಹೋಗುತ್ತಿದ್ದರು. ದೇವರ ಹೆಸರು ಉಳಿಯಬಹುದಿತ್ತು, ಮಗಳ ಹೆಸರು ಉಳಿಯಬಹುದಿತ್ತು. ಉಳಿದದ್ದು ನಾನು ಅವಳನ್ನು ಸೋಲಿಸಲು ತಂದ ಪದ. ನಾವು ಹೇಳಿದ್ದು ಅವಳಿಗೆ ತಿಳಿಯುತ್ತದೆಯೋ ಇಲ್ಲವೋ ಹೇಳಲಾಗದು, ಮಾತಾಡಿಸುತ್ತಿರಿ ಎಂದರು ಡಾಕ್ಟರು. ಒಳಗೆ ಜಯಮ್ಮ ಇದ್ದಾಳೋ, ಬರೀ ಆ ಪದ ಇದೆಯೋ ಎಂಬ ಭಯ ನನ್ನನ್ನು ತಿನ್ನತೊಡಗಿತು.

ಮಾತಾಡಿಸಲು ನನಗೆ ಗೊತ್ತಿದ್ದದ್ದು ಆಟವೊಂದೇ. ಅವಳು ತಾರೀಖು ಎಂದಾಗಲೆಲ್ಲ ಖು ಹಿಡಿದು ಉತ್ತರ ಕೊಟ್ಟೆ. ಖುದ್ದು ಎಂದೆ, ಖುಲಾಸೆ ಎಂದೆ. ಎರಡೇ ದಿನಕ್ಕೆ ಸರಕು ಮುಗಿಯಿತು. ಒಮ್ಮೆ ಬಂದ ಪದ ಮತ್ತೆ ಬರಕೂಡದು ಎಂಬ ನಿಯಮ ಮಾಡಿದವನೂ ನಾನೇ. ಕಾಯಿಲೆಯವಳಿಗೆ ರಿಯಾಯಿತಿ ಕೊಟ್ಟೆ, ನನಗೆ ಕೊಟ್ಟುಕೊಳ್ಳಲಿಲ್ಲ. ಆರೈಕೆಗೆ ಬಂದಿದ್ದ ನಾದಿನಿ ರತ್ನ ಬೈದಳು. ‘ಭಾವ, ಅಕ್ಕಂಗೆ ಗಂಜಿ ಕುಡ್ಸದ್ ಬುಟ್ಬುಟ್ಟು ಪದ ಹುಡುಕ್ತಾ ಕುಂತಿದ್ದೀರಲ್ಲ, ನಿಮ್ಗೇನಾರ ಗ್ಯಾನ ಐತಾ?’

ಇರಲಿಲ್ಲ. ಹೋದ ವಾರ ಟ್ರಂಕಿನಲ್ಲಿ ಕ್ಯಾತನಹಳ್ಳಿಯ ಜಮೀನಿನ ಹಳೆಯ ಪಹಣಿ ಕೈಗೆ ಬಂತು. ಅದರಲ್ಲಿ ಖುಷ್ಕಿ ಎಂದಿತ್ತು. ಮಳೆಯನ್ನೇ ನಂಬಿದ ಹೊಲಕ್ಕೆ ಕಚೇರಿ ಇಟ್ಟ ಹೆಸರು, ಸರ್ವೀಸು ಪೂರ್ತಿ ಬರೆದ ಪದ. ಓಡಿಹೋಗಿ ಮಂಚದ ಪಕ್ಕ ನಿಂತೆ. ಅವಳು ತಾರೀಖು ಎಂದಳು. ನಾನು ಖುಷ್ಕಿ ಎಂದೆ. ಗೆದ್ದೆ ಎಂದು ಚಪ್ಪಾಳೆಯನ್ನೂ ತಟ್ಟಿಕೊಂಡೆ, ನಾಚಿಕೆಗೆಟ್ಟವನು.

ಜಯಮ್ಮ ನನ್ನನ್ನೇ ನೋಡಿದಳು. ನಿಧಾನವಾಗಿ ಎಡಗೈ ಎತ್ತಿ ಕಿವಿ ಹಿಡಿದುಕೊಂಡಳು.

‘ಕಿವಿ ನೋಯ್ತದಾ ಅಕ್ಕ?’ ಎಂದು ರತ್ನ ಎಣ್ಣೆ ತರಲು ಎದ್ದಳು. ಜಯಮ್ಮ ಅಲ್ಲವೆಂದು ತಲೆಯಾಡಿಸಿ, ನನ್ನತ್ತ ಕಣ್ಣು ಬಿಟ್ಟು, ಕಿವಿಯನ್ನು ಇನ್ನೊಮ್ಮೆ ಜಗ್ಗಿದಳು. ಆಗ ನನಗೆ ಹೊಳೆಯಿತು. ಅವಳು ನನ್ನ ಪದದ ಕೊನೆ ಹಿಡಿದು ಉತ್ತರ ಕೊಡುತ್ತಿದ್ದಳು.

ಈಗ ನನ್ನ ಸರದಿ. ವಿ ಎಂದರೆ ಒಂದನೇ ಕ್ಲಾಸಿನ ಮಗುವೂ ಹತ್ತು ಪದ ಹೇಳೀತು. ನನ್ನ ಗಂಟಲಿನಿಂದ ಒಂದೂ ಹೊರಡಲಿಲ್ಲ, ಅಳು ಮಾತ್ರ ಬಂತು. ಜಯಮ್ಮ ಕಾಯುವಷ್ಟು ಕಾದಳು. ಆಮೇಲೆ, ಇವನ ಹಣೆಬರಹ ಇಷ್ಟೇ ಎಂಬಂತೆ ಗೋಡೆಯ ಕಡೆ ಮುಖ ತಿರುಗಿಸಿದಳು.